ಎಡೆದೊರೆ ನಾಡಿನ ಮನೆ-ಹೊಲಗಳಿಗೊಂದು ಹವಾಮಾನ ಲೆಕ್ಕಪತ್ರ

ಪ್ರತಿ ವರ್ಷ ಜೂನ್ 5ರ ವಿಶ್ವ ಪರಿಸರ ದಿನದಂದು ಕೃಷ್ಣಾ-ತುಂಗಭದ್ರಾ ನಡುವಿನ ಎಡೆದೊರೆ ನಾಡಿನ ರಾಯಚೂರು, ಕೊಪ್ಪಳ ಮತ್ತು ನೆರೆಯ ಬಳ್ಳಾರಿ ಜಿಲ್ಲೆಗಳ ಶಾಲೆ, ಕಚೇರಿಗಳ ಆವರಣದಲ್ಲಿ ಸಸಿ ನೆಡುವ ಕಾರ್ಯಕ್ರಮ ನಡೆಯುತ್ತದೆ. ನೀರು ಹಾಕುವವರಿಲ್ಲದೆ ಅವುಗಳಲ್ಲಿ ಬಹಳಷ್ಟು ಮುಂದಿನ ಏಪ್ರಿಲ್ ಹೊತ್ತಿಗೆ ಒಣಗಿರುತ್ತವೆ. ಹವಾಮಾನದ ವಿಷಯದಲ್ಲಿ ಸಾಮಾನ್ಯ ಜನ ಮಾಡಬಹುದಾದದ್ದು ಇಷ್ಟೇ ಎಂಬ ಭಾವನೆ ಬೆಳೆಯಲು ಇದೂ ಒಂದು ಕಾರಣ. ಬೆಳೆದು ನಿಂತ ಒಂದು ಮರ ವರ್ಷವೊಂದಕ್ಕೆ ಹೀರಿಕೊಳ್ಳುವ ಇಂಗಾಲದ ಡೈಆಕ್ಸೈಡ್ ಕೆಲವು ಹತ್ತು ಕೆ.ಜಿ.ಗಳಷ್ಟು ಮಾತ್ರ. ನೀರು ತುಂಬಿ ನಿಂತ ಒಂದು ಎಕರೆ ಭತ್ತದ ಗದ್ದೆ ಒಂದೇ ಬೆಳೆಯಲ್ಲಿ ಹೊರಬಿಡುವ ಮೀಥೇನ್ ಅನಿಲದ ತಾಪಶಕ್ತಿ ಸಾವಿರ ಕೆ.ಜಿ.ಗೂ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮ. ಮರ ಬೇಡವೆಂದು ಇದರ ಅರ್ಥವಲ್ಲ. ಯಾವ ಕೆಲಸದ ತೂಕ ಎಷ್ಟು ಎಂದು ತಿಳಿಯದೆ ಕೈಹಾಕಿದರೆ ಶ್ರಮವೆಲ್ಲ ಹಗುರವಾದ ಕಡೆಗೇ ಹೋಗುತ್ತದೆ. ಆದ್ದರಿಂದ ಈ ಲೇಖನದ ಕ್ರಮ ಲೆಕ್ಕದಿಂದ ಆರಂಭವಾಗಿ, ಮನೆ, ಹೊಲ, ಊರು ಎಂಬ ಅನುಕ್ರಮದಲ್ಲಿ ಸಾಗುತ್ತದೆ.

ಯಾವುದು ಹವಾಮಾನ, ಯಾವುದು ಅಲ್ಲ

ಮೊದಲನೆಯದಾಗಿ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಇಂದಿನ ಬಿಸಿಲು, ನಾಳಿನ ಮಳೆ ಹವೆಯ ಸ್ಥಿತಿಗೆ ಸಂಬಂಧಿಸಿದವು. ಸಾಮಾನ್ಯವಾಗಿ 30 ವರ್ಷಗಳ ಸರಾಸರಿಯಾಗಿ ಕಾಣುವ ಸ್ವಭಾವವೇ ಹವಾಮಾನ. ಕೈಗಾರಿಕಾ ಯುಗಕ್ಕೆ ಮೊದಲು ವಾತಾವರಣದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗಗಳಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಭೂಮಿಯಿಂದ ಮರಳಿ ಹೋಗಬೇಕಾದ ಶಾಖವನ್ನು ಈ ಅನಿಲ ಹಿಡಿದಿಡುವುದರಿಂದ ಸರಾಸರಿ ತಾಪಮಾನ ಏರುತ್ತಿದೆ. ಬೆಚ್ಚಗಾದ ಗಾಳಿ ಹೆಚ್ಚು ತೇವವನ್ನು ಹೊತ್ತೊಯ್ಯಬಲ್ಲದು. ಹಾಗಾಗಿ ಒಂದೆಡೆ ನೆಲ ಬೇಗ ಒಣಗಿದರೆ, ಇನ್ನೊಂದೆಡೆ ಸುರಿದಾಗ ಮಳೆ ಒಮ್ಮೆಲೇ ಸುರಿಯುವ ಸಾಧ್ಯತೆ ಹೆಚ್ಚುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಕೃಷ್ಣಾ, ತುಂಗಭದ್ರಾ ತೀರದ ಹಳ್ಳಿಗಳನ್ನು ಮುಳುಗಿಸಿದ ನೆರೆಯನ್ನೂ, ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ 2023ನ್ನೂ ಇದೇ ಪ್ರದೇಶ ಕಂಡಿದೆ. ಯಾವುದೇ ಒಂದು ನೆರೆ ಅಥವಾ ಒಂದು ಬರವನ್ನು ಹವಾಮಾನ ಬದಲಾವಣೆಯೇ ತಂದಿತೆಂದು ಅಧ್ಯಯನವಿಲ್ಲದೆ ಹೇಳಲಾಗದಿದ್ದರೂ, ಇಂಥ ಎರಡು ತುದಿಗಳಿಗೂ ಸಿದ್ಧವಾಗಿರಬೇಕೆಂಬುದು ಸ್ಪಷ್ಟ.

ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವ ಅಭ್ಯಾಸವೂ ಅಷ್ಟೇ ಅಪಾಯಕಾರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದದ್ದು ಯಂತ್ರಭಾಗದ ವೈಫಲ್ಯ. ಸುಮಾರು 133 ಟಿಎಂಸಿ ಸಾಮರ್ಥ್ಯದ ಜಲಾಶಯ ಹೂಳಿನಿಂದಾಗಿ 105 ಟಿಎಂಸಿ ಆಸುಪಾಸಿಗೆ ಇಳಿದಿರುವುದು ಮೇಲ್ಭಾಗದ ಮಣ್ಣು ಸವೆತ ಮತ್ತು ನಿರ್ವಹಣೆಯ ಪ್ರಶ್ನೆ. ಮಳೆ ಏರುಪೇರಾಗುತ್ತಿರುವ ಕಾಲದಲ್ಲಿ ಇಂಥ ಕೊರತೆಗಳ ಪೆಟ್ಟು ಹೆಚ್ಚು ಬೀಳುತ್ತದೆ ಎಂಬುದು ನಿಜ. ಆದರೆ ಕಾರಣ ಬೇರೆಯಾದಾಗ ಪರಿಹಾರ ಕೇಳಬೇಕಾದ ಬಾಗಿಲೂ ಬೇರೆಯಾಗುತ್ತದೆ.

ನಿಮ್ಮ ಹೋಬಳಿಯ ಮಳೆಯ ಮಾಹಿತಿಯನ್ನು ಅಂದಾಜಿನಿಂದ ಹೇಳಬೇಕಾಗಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕಗಳನ್ನು ಅಳವಡಿಸಿದ್ದು, ದಿನನಿತ್ಯದ ವರದಿಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ‘ವರುಣ ಮಿತ್ರ’ ಸಹಾಯವಾಣಿಯ ಮೂಲಕ ರೈತರಿಗೆ ಮುನ್ಸೂಚನೆಯನ್ನೂ ನೀಡುತ್ತದೆ. ಮಳೆಯ ಒಟ್ಟು ಪ್ರಮಾಣದ ಜೊತೆಗೆ ಮಳೆ ಬಿದ್ದ ದಿನಗಳೆಷ್ಟು, ನಡುವಿನ ಒಣ ಅವಧಿ ಎಷ್ಟು ಎಂಬುದನ್ನು ಗುರುತು ಹಾಕಿಕೊಳ್ಳಿ. ಬಿತ್ತನೆಯ ನಿರ್ಧಾರಕ್ಕೆ ಒಟ್ಟು ಪ್ರಮಾಣಕ್ಕಿಂತ ಈ ಎರಡೇ ಹೆಚ್ಚು ಉಪಯುಕ್ತ.

ಮನೆಯ ಲೆಕ್ಕ ಬರೆಯುವ ಬಗೆ

ಒಂದು ನೋಟ್‌ಬುಕ್, ಒಂದು ವರ್ಷದ ಜೆಸ್ಕಾಂ ವಿದ್ಯುತ್ ಬಿಲ್‌ಗಳು, ಗ್ಯಾಸ್ ಸಿಲಿಂಡರ್ ಪಡೆದ ರಸೀದಿಗಳು ಇದ್ದರೆ ಸಾಕು. ದೇಶದ ವಿದ್ಯುತ್ ಜಾಲದಲ್ಲಿ ಕಲ್ಲಿದ್ದಲಿನ ಪಾಲು ಹೆಚ್ಚಿರುವುದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಹಿಡಿಯಬಹುದು. 14.2 ಕೆ.ಜಿ.ಯ ಒಂದು ಸಿಲಿಂಡರ್ ಉರಿದರೆ ಸುಮಾರು 42 ಕೆ.ಜಿ., ಒಂದು ಲೀಟರ್ ಪೆಟ್ರೋಲಿಗೆ 2.3 ಕೆ.ಜಿ., ಡೀಸೆಲ್‌ಗೆ 2.7 ಕೆ.ಜಿ. ಆಗುತ್ತದೆ. ತಿಂಗಳಿಗೆ 150 ಯೂನಿಟ್ ಬಳಸುವ, ವರ್ಷಕ್ಕೆ ಎಂಟು ಸಿಲಿಂಡರ್ ತರಿಸುವ, ಬೈಕಿಗೆ ತಿಂಗಳಿಗೆ ಹತ್ತು ಲೀಟರ್ ಪೆಟ್ರೋಲ್ ಹಾಕಿಸುವ ಕುಟುಂಬವೊಂದನ್ನು ತೆಗೆದುಕೊಳ್ಳೋಣ. ವಿದ್ಯುತ್ತಿನಿಂದ ವರ್ಷಕ್ಕೆ 1,260 ಕೆ.ಜಿ., ಗ್ಯಾಸಿನಿಂದ ಸುಮಾರು 340 ಕೆ.ಜಿ., ಬೈಕಿನಿಂದ ಸುಮಾರು 276 ಕೆ.ಜಿ. ಎಂದು ಲೆಕ್ಕ ಬರುತ್ತದೆ. ದೊಡ್ಡ ಅಂಕಿ ಯಾವುದೆಂದು ಈಗ ಕಣ್ಣಿಗೆ ಕಾಣುತ್ತದೆ. ಗ್ಯಾಸ್ ಒಲೆಯ ಬಗ್ಗೆ ತಲೆಕೆಡಿಸಿಕೊಳ್ಳುವ ಅಗತ್ಯ ಅಷ್ಟಿಲ್ಲ.

ಈ ವಿದ್ಯುತ್ ಎಲ್ಲಿಂದಲೋ ಬರುವುದಲ್ಲ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ 1,720 ಮೆಗಾವಾಟ್, ಯರಮರಸ್ 1,600 ಮೆಗಾವಾಟ್, ಕುಡತಿನಿಯ ಬಳ್ಳಾರಿ ಕೇಂದ್ರ 1,700 ಮೆಗಾವಾಟ್ ಸಾಮರ್ಥ್ಯ ಹೊಂದಿವೆ. ರಾಜ್ಯಕ್ಕೆಲ್ಲ ಬೆಳಕು ಕೊಡುವ ಕಲ್ಲಿದ್ದಲು ಉರಿಯುವುದು ನಮ್ಮ ಅಂಗಳದಲ್ಲಿ, ಅದರ ಹಾರುಬೂದಿ ಬೀಳುವುದೂ ಇಲ್ಲಿಯೇ. ಯಾವುದೇ ಊರಿನಲ್ಲಿ ಉಳಿಸಿದ ಒಂದು ಯೂನಿಟ್ ಇಲ್ಲಿನ ಗಾಳಿಗೂ ಸಂಬಂಧಿಸಿದ್ದು.

ಇಲ್ಲಿ ಒಂದು ಮಾತನ್ನು ಬಿಡುವಂತಿಲ್ಲ. ಭಾರತೀಯನೊಬ್ಬನ ಸರಾಸರಿ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ವರ್ಷಕ್ಕೆ ಸುಮಾರು 2 ಟನ್. ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗೂ ಹೆಚ್ಚು, ಅಮೆರಿಕದಲ್ಲಿ ಹಲವು ಪಟ್ಟು. ಲಿಂಗಸುಗೂರಿನ ಕೂಲಿ ಕುಟುಂಬವೊಂದಕ್ಕೆ ‘ನೀವು ಕಡಿಮೆ ಬಳಸಿ’ ಎಂದು ಉಪದೇಶಿಸುವುದು ನ್ಯಾಯವಲ್ಲ. ಅಂಥ ಮನೆಗೆ ಈ ಲೆಕ್ಕದ ಉಪಯೋಗ ಖರ್ಚು ಉಳಿಸುವುದು ಮತ್ತು ಬಿಸಿಲಿನಿಂದ ರಕ್ಷಣೆ ಪಡೆಯುವುದು. ಹವಾನಿಯಂತ್ರಕ, ಕಾರು, ಎರಡಂತಸ್ತಿನ ಮನೆ ಉಳ್ಳವರಿಗೆ ಅದೇ ಲೆಕ್ಕ ಕಡಿತದ ಲೆಕ್ಕವಾಗಬೇಕು.

ಮಾಳಿಗೆಯಿಂದ ಆರಂಭಿಸಿ

ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯ. ಸರ್ಕಾರಿ ಕಚೇರಿಗಳೇ ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುವ ಪ್ರದೇಶವಿದು. ಮನೆಯ ವಿದ್ಯುತ್ತಿನ ದೊಡ್ಡ ಪಾಲು ತಂಪು ಮಾಡುವುದಕ್ಕೇ ಹೋಗುತ್ತದೆ. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಹಗಲಿನ ಶಾಖವನ್ನು ಒಳಗೆ ಬಿಡಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದವು. ಕಾಂಕ್ರೀಟ್ ತಾರಸಿ ಮತ್ತು ತಗಡಿನ ಚಾವಣಿಗಳು ಹಾಗಲ್ಲ. ಆದ್ದರಿಂದ ಫ್ಯಾನು, ಕೂಲರಿಗಿಂತ ಮೊದಲು ಚಾವಣಿಯನ್ನು ನೋಡಿಕೊಳ್ಳಬೇಕು.

ಫೆಬ್ರುವರಿ ಕೊನೆಯೊಳಗೆ ತಾರಸಿಯನ್ನು ಗುಡಿಸಿ ತೊಳೆದು, ಬಿರುಕುಗಳಿದ್ದರೆ ಮುಚ್ಚಿಸಿ, ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿಯಿರಿ. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ಕೆಳಗಿನ ಕೋಣೆಯ ತಾಪಮಾನ 2ರಿಂದ 5 ಡಿಗ್ರಿಯವರೆಗೆ ಇಳಿಯಬಹುದು. ಸುಣ್ಣ ಮಳೆಗೆ ತೊಳೆದುಹೋಗುವುದರಿಂದ ಪ್ರತಿ ವರ್ಷ ಮತ್ತೆ ಬಳಿಯಬೇಕಾಗುತ್ತದೆ. ಹೆಚ್ಚು ಬಾಳಿಕೆ ಬೇಕಿದ್ದರೆ ಪೇಟೆಯಲ್ಲಿ ಸಿಗುವ, ಬಿಸಿಲು ಪ್ರತಿಫಲಿಸುವ ಬಿಳಿ ಬಣ್ಣವನ್ನು ಬಳಸಬಹುದು. ತಗಡಿನ ಮನೆಯಾದರೆ ಬಣ್ಣದ ಜೊತೆಗೆ ಒಳಗೆ ಗೋಣಿತಟ್ಟು ಅಥವಾ ಬಿದಿರಿನ ಚಾಪೆಯ ಒಳಚಾವಣಿ ಕಟ್ಟಿ, ನಡುವೆ ಗಾಳಿಯಾಡಲು ಜಾಗ ಬಿಡಬೇಕು.

ಅನಂತರ ಫ್ಯಾನು. ಹಳೆಯ ಫ್ಯಾನು ಸುಮಾರು 75 ವಾಟ್ ಎಳೆದರೆ, ಕಡಿಮೆ ವಿದ್ಯುತ್ತಿನ ಮೋಟಾರಿರುವ ಬಿಎಲ್‌ಡಿಸಿ ಫ್ಯಾನು 30 ವಾಟ್ ಆಸುಪಾಸಿನಲ್ಲಿ ಅದೇ ಗಾಳಿ ಕೊಡುತ್ತದೆ. ದಿನಕ್ಕೆ 15 ಗಂಟೆ ತಿರುಗುವ ಒಂದು ಫ್ಯಾನಿಗೆ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ. ಹವಾನಿಯಂತ್ರಕ ಇರುವವರು ಅದನ್ನು 24 ಡಿಗ್ರಿಗಿಂತ ಕೆಳಗೆ ಇಳಿಸದೆ ಫ್ಯಾನಿನ ಜೊತೆ ಬಳಸಬೇಕು. ಏರಿಸಿದ ಪ್ರತಿ ಡಿಗ್ರಿಗೆ ಸುಮಾರು 6 ಶೇಕಡ ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ.

ಸೌರಫಲಕದ ವಿಷಯದಲ್ಲಿ ಮಾರಾಟಗಾರರು ಹೇಳದ ಮಾತೊಂದನ್ನು ಹೇಳಬೇಕು. 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚುವರಿ ಸೇರಿಸಿದಷ್ಟು, ಗರಿಷ್ಠ 200 ಯೂನಿಟ್‌ವರೆಗೆ ಶುಲ್ಕವಿಲ್ಲ; 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಶೂನ್ಯ ಬಿಲ್ ಬರುವ ಮನೆಗೆ ಸೌರಫಲಕದಿಂದ ಹಣಕಾಸಿನ ಲಾಭ ಅಷ್ಟಾಗಿ ಕಾಣುವುದಿಲ್ಲ. ಅವರಿಗೆ ಸುಣ್ಣ ಮತ್ತು ಫ್ಯಾನು ಸಾಕು, ಆದರೆ ಶೂನ್ಯ ಬಿಲ್ಲಿನಲ್ಲಿಯೂ ಮುದ್ರಿತವಾಗಿರುವ ಯೂನಿಟ್ ಸಂಖ್ಯೆಯನ್ನು ಓದುವ ರೂಢಿ ಬಿಡಬಾರದು. ನಿಯಮಿತವಾಗಿ 200 ದಾಟುವವರಿಗೆ ಪಿಎಂ ಸೂರ್ಯಘರ್ ಯೋಜನೆ ಅನುಕೂಲಕರ. 2024ರಲ್ಲಿ ಆರಂಭವಾದ ಈ ಯೋಜನೆಯಲ್ಲಿ 2 ಕಿಲೋವಾಟ್‌ವರೆಗೆ ಕಿಲೋವಾಟಿಗೆ 30,000 ರೂಪಾಯಿ, 3 ಕಿಲೋವಾಟ್ ಮತ್ತು ಅದಕ್ಕೂ ಹೆಚ್ಚಿನ ಘಟಕಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವೆಂದು ನಿಗದಿಯಾಗಿದೆ. ಇಲ್ಲಿನ ಬಿಸಿಲಿನಲ್ಲಿ ಒಂದು ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ದೂಳು ಕೂತರೆ ಉತ್ಪಾದನೆ ಇಳಿಯುವುದರಿಂದ, ವಿಶೇಷವಾಗಿ ಗಣಿ, ಸ್ಪಾಂಜ್ ಐರನ್ ಕಾರ್ಖಾನೆ ಹಾಗೂ ವಿದ್ಯುತ್ ಸ್ಥಾವರಗಳ ಹತ್ತಿರ, ಬೆಳಗಿನ ತಂಪಿನಲ್ಲಿ ಆಗಾಗ ಒರೆಸಬೇಕು.

ಭತ್ತದ ಗದ್ದೆ: ಈ ಭಾಗದ ದೊಡ್ಡ ಅಂಕಿ

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಭಾಗದ ಓದುಗರಿಗೆ ಇಡೀ ಲೇಖನದಲ್ಲಿ ಮುಖ್ಯವಾದದ್ದು ಈ ಭಾಗ. ತುಂಗಭದ್ರಾ ಯೋಜನೆಯನ್ನು ರೂಪಿಸಿದಾಗ ಅಚ್ಚುಕಟ್ಟಿನ ಹೆಚ್ಚಿನ ಪಾಲು ಜೋಳ, ಹತ್ತಿ, ಶೇಂಗಾದಂಥ ಮಿತ ನೀರಾವರಿ ಬೆಳೆಗಳಿಗೆಂದು ಉದ್ದೇಶಿತವಾಗಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ವ್ಯಾಪಿಸಿತು, ಕೆಳಭಾಗದ ರೈತರು ಗೇಜ್ (ಕಾಲುವೆಯ ನೀರಿನ ಮಟ್ಟ) ಕಾಯ್ದುಕೊಳ್ಳಿ ಎಂದು ವರ್ಷ ವರ್ಷವೂ ರಸ್ತೆಗಿಳಿಯುವಂತಾಯಿತು. ಇದಕ್ಕೆ ಈಗ ಮೀಥೇನ್ ಎಂಬ ಇನ್ನೊಂದು ಮುಖ ಸೇರಿದೆ. ಸದಾ ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಆಮ್ಲಜನಕವಿರುವುದಿಲ್ಲ. ಅಂಥಲ್ಲಿ ಬದುಕುವ ಸೂಕ್ಷ್ಮಾಣುಗಳು ಕೊಳೆತ ಸಾವಯವ ವಸ್ತುವಿನಿಂದ ಮೀಥೇನ್ ಉತ್ಪಾದಿಸುತ್ತವೆ. ಅದು ಬಹುಮಟ್ಟಿಗೆ ಭತ್ತದ ಗಿಡದ ಒಳಗಿನಿಂದಲೇ ಗಾಳಿಗೆ ಸೇರುತ್ತದೆ. ಮಣ್ಣು, ಗೊಬ್ಬರಕ್ಕೆ ತಕ್ಕಂತೆ ಒಂದು ಬೆಳೆಗೆ ಎಕರೆಗೆ ಅಂದಾಜು 40ರಿಂದ 60 ಕೆ.ಜಿ. ಮೀಥೇನ್ ಹೊರಬರಬಹುದು. ನೂರು ವರ್ಷಗಳ ಅವಧಿಯಲ್ಲಿ ಮೀಥೇನಿನ ತಾಪಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು. ಅಂದರೆ ಒಂದು ಎಕರೆಯ ಒಂದು ಬೆಳೆ, ಮೇಲೆ ಹೇಳಿದ ಕುಟುಂಬದ ಇಡೀ ವರ್ಷದ ವಿದ್ಯುತ್ತಿಗೆ ಸಮವಾಗುತ್ತದೆ. ನೀರನ್ನು ನಡುನಡುವೆ ಆರಗೊಟ್ಟರೆ ಇದರಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಇಳಿಯುತ್ತದೆ, ನೀರೂ ಗಣನೀಯವಾಗಿ ಉಳಿಯುತ್ತದೆ, ಇಳುವರಿ ಸಾಮಾನ್ಯವಾಗಿ ಕುಗ್ಗುವುದಿಲ್ಲ.

ವಿಧಾನ ಹೀಗಿದೆ. ಒಂದು ಅಡಿ ಉದ್ದದ, ಅಂಗೈ ಅಗಲದ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ಸುತ್ತಲೂ ಸಣ್ಣ ರಂಧ್ರಗಳನ್ನು ಕೊರೆಯಿರಿ. ರಂಧ್ರಗಳಿರುವ ಅರ್ಧ, ಅಂದರೆ 15 ಸೆಂ.ಮೀ., ಮಣ್ಣಿನೊಳಗೆ ಹೋಗುವಂತೆ ಬದುವಿನ ಹತ್ತಿರ, ನೋಡಲು ಸುಲಭವಾಗುವ ಸಮತಟ್ಟಾದ ಜಾಗದಲ್ಲಿ ಹೂತು, ಒಳಗಿನ ಮಣ್ಣನ್ನು ತೆಗೆದುಹಾಕಿ. ನಾಟಿಯಾದ ಮೊದಲ ಎರಡು ವಾರ ಕಳೆ ಹತ್ತಿಕ್ಕಲು ಗದ್ದೆಯಲ್ಲಿ ನೀರು ನಿಂತಿರುವಂತೆ ನೋಡಿಕೊಳ್ಳಿ. ಅನಂತರ ನೀರು ತಾನಾಗಿ ಇಂಗಲು ಬಿಡಿ. ಗದ್ದೆಯ ಮೇಲ್ಮೈ ಒಣಗಿದಂತೆ ಕಂಡರೂ ಪೈಪಿನೊಳಗೆ ನೀರು ಕಾಣುತ್ತಿರುವವರೆಗೆ ಬೇರುಗಳಿಗೆ ತೊಂದರೆಯಿಲ್ಲ. ಪೈಪಿನ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ 5 ಸೆಂ.ಮೀ. ನಿಲ್ಲುವಷ್ಟು ಹಾಯಿಸಿ. ಹೂ ಬಿಡುವ ಒಂದು ವಾರ ಮೊದಲಿನಿಂದ ಒಂದು ವಾರ ನಂತರದವರೆಗೆ ಮಾತ್ರ ಒಣಗಿಸಬಾರದು, ಆಗ ಕಾಳು ಜೊಳ್ಳಾಗುತ್ತದೆ. ಯೂರಿಯಾವನ್ನು ಮಣ್ಣು ಆರಿದ್ದಾಗ, ನೀರು ಹಾಯಿಸುವುದಕ್ಕೆ ಸ್ವಲ್ಪ ಮೊದಲು ಹಾಕಿದರೆ ಗೊಬ್ಬರ ಬೇರಿಗಿಳಿಯುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಸವಳು ನೆಲದಲ್ಲಿ ಈ ವಿಧಾನವನ್ನು ಕಣ್ಣುಮುಚ್ಚಿ ಅನುಸರಿಸಬಾರದು, ಏಕೆಂದರೆ ನೀರು ಆರಿದಂತೆ ಉಪ್ಪು ಮೇಲಕ್ಕೇರಿ ಬೆಳೆಯನ್ನು ಸುಡುತ್ತದೆ. ಅಂಥವರು ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಸವಳು-ಜವಳು ಭೂಮಿಯ ಮೇಲೆ ದೀರ್ಘಕಾಲದಿಂದ ಸಂಶೋಧನೆ ನಡೆಸುತ್ತಿರುವ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ಸಲಹೆ ಪಡೆಯಬೇಕು. ಎರಡನೆಯದು ಕಾಲುವೆಯ ಪಾಳಿ. ನೀರು ಯಾವಾಗ ಬರುವುದೋ ಎಂಬ ಅನಿಶ್ಚಿತತೆ ಇರುವವನು ಬಂದಾಗ ತುಂಬಿಸಿಟ್ಟುಕೊಳ್ಳುವುದು ಸಹಜ. ಅವನನ್ನು ದೂರುವುದರಲ್ಲಿ ಅರ್ಥವಿಲ್ಲ. ಒಂದು ಉಪಕಾಲುವೆಯ ರೈತರೆಲ್ಲ ನೀರು ಬಳಕೆದಾರರ ಸಹಕಾರ ಸಂಘದಲ್ಲಿ ಕುಳಿತು ಪಾಳಿಯ ದಿನಗಳನ್ನು ಬರೆದು ಒಪ್ಪಿಕೊಂಡರೆ ಮಾತ್ರ ಈ ವಿಧಾನ ನಿಲ್ಲುತ್ತದೆ. ಹಾಗೆ ಉಳಿದ ನೀರು ಕೆಳಭಾಗಕ್ಕೆ ತಲುಪುತ್ತದೆ ಎಂಬುದೇ ಅದರ ತಕ್ಷಣದ ಲಾಭ.

ಇನ್ನೊಂದು ದಾರಿ ಕೂರಿಗೆ ಭತ್ತ. ಸಸಿಮಡಿ, ಕೆಸರು ಮಾಡುವ ಕೆಲಸ, ನಾಟಿಯ ಕೂಲಿ ಎಲ್ಲವೂ ಉಳಿಯುವ ಈ ಪದ್ಧತಿಯನ್ನು ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಶಿಫಾರಸು ಮಾಡುತ್ತಿದ್ದು, ಕಾಲುವೆಗೆ ನೀರು ಬಿಡುವ ಮೊದಲೇ ಮುಂಗಾರಿನ ಹದಕ್ಕೆ ಬಿತ್ತಬಹುದು. ಕಳೆಯೇ ಇದರ ದೊಡ್ಡ ಶತ್ರು. ಬಿತ್ತಿದ ಎರಡು-ಮೂರು ದಿನಗಳೊಳಗೆ ಶಿಫಾರಸಾದ ಕಳೆನಾಶಕ ಬಳಸದಿದ್ದರೆ ಉಳಿಸಿದ ಕೂಲಿಯೆಲ್ಲ ಕಳೆ ಕೀಳುವುದಕ್ಕೆ ಹೋಗುತ್ತದೆ. ಆದ್ದರಿಂದ ಮೊದಲ ವರ್ಷ ಒಂದೆರಡು ಎಕರೆಯಲ್ಲಿ ಮಾತ್ರ ಮಾಡಿ ನೋಡುವುದು ಕ್ಷೇಮ.

ಕೊಯ್ಲು ಯಂತ್ರ ಬಿಟ್ಟುಹೋದ ಹುಲ್ಲಿಗೆ ಬೆಂಕಿ ಇಡುವುದನ್ನು ನಿಲ್ಲಿಸಬೇಕು. ಒಂದು ಟನ್ ಭತ್ತದ ಹುಲ್ಲು ಉರಿದರೆ ಅದರಲ್ಲಿದ್ದ ಸುಮಾರು 5.5 ಕೆ.ಜಿ. ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ, 25 ಕೆ.ಜಿ. ಆಸುಪಾಸಿನ ಪೊಟ್ಯಾಶ್ ಬೂದಿಯಾಗಿ ಚದುರುತ್ತದೆ. ಬೇಲರ್ ಯಂತ್ರದಿಂದ ಪೆಂಡಿ ಕಟ್ಟಿಸಿದರೆ ಯಲಬುರ್ಗಾ, ಕುಷ್ಟಗಿ, ದೇವದುರ್ಗದ ಒಣಭೂಮಿಯ ದನಗಳಿಗೆ ಬೇಸಿಗೆಯಲ್ಲಿ ಅದು ಮೇವು.

ಒಣಬೇಸಾಯದವರಿಗೆ, ಮಳೆನೀರಿನವರಿಗೆ

ಸಜ್ಜೆ, ನವಣೆ, ಹಿಂಗಾರಿ ಜೋಳ, ತೊಗರಿ, ಕಡಲೆ ಬೆಳೆಯುವವರ ಹೊರಸೂಸುವಿಕೆ ಮೊದಲೇ ಕಡಿಮೆ. ಅವರಿಗೆ ಬೇಕಾದದ್ದು ರಕ್ಷಣೆ: ಬದು, ಕೃಷಿಹೊಂಡ, ಮಿಶ್ರಬೆಳೆ ಮತ್ತು ಕೊನೆಯ ದಿನಾಂಕಕ್ಕೆ ಮೊದಲೇ ಕಟ್ಟಿದ ಬೆಳೆವಿಮೆ. ಸಜ್ಜೆ ರೊಟ್ಟಿ, ಜೋಳದ ರೊಟ್ಟಿಯನ್ನು ಊಟದ ತಟ್ಟೆಯಲ್ಲಿ ಉಳಿಸಿಕೊಂಡವರು ಆ ಬೆಳೆಗಳ ಮಾರುಕಟ್ಟೆಯನ್ನೂ ಉಳಿಸುತ್ತಾರೆ.

ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಬೀಳುವ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ವರ್ಷಕ್ಕೆ 600 ಮಿ.ಮೀ. ಮಳೆಯೆಂದು ಹಿಡಿದರೆ, 100 ಚದರ ಮೀಟರಿನ ತಾರಸಿಯಿಂದ ಸೋರಿಕೆ ಕಳೆದು ಸುಮಾರು 48,000 ಲೀಟರ್ ಸಿಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವ ಕೊಪ್ಪಳ, ರಾಯಚೂರಿನ ಹಳ್ಳಿಗಳಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಬೆಲೆ. ಮೊದಲ ಮಳೆಯ ನೀರನ್ನು ಹೊರಬಿಟ್ಟು, ಮರಳು-ಇದ್ದಿಲಿನ ಸೋಸುಗುಂಡಿಯ ಮೂಲಕ ಹಾಯಿಸಿ, ಬೆಳಕು ಬೀಳದ ತೊಟ್ಟಿಯಲ್ಲಿ ಶೇಖರಿಸಿ, ಕುಡಿಯುವುದಾದರೆ ಕಾಯಿಸಿ ಬಳಸಬೇಕು. ಮರ ನೆಡುವುದಾದರೆ ಬೇವು, ಹೊಂಗೆ, ಹುಣಸೆಯನ್ನು ಮಳೆಗಾಲದ ಆರಂಭದಲ್ಲಿ ನೆಟ್ಟು ಎರಡು ಬೇಸಿಗೆ ನೀರುಣಿಸಿ. ಬಳ್ಳಾರಿ ಜಾಲಿ ತಾನಾಗಿಯೇ ಹಬ್ಬಿದೆಯೆಂದು ಅದನ್ನು ಹಸಿರಿನ ಲೆಕ್ಕಕ್ಕೆ ಸೇರಿಸುವುದು ಬೇಡ.

ಊರಿನ ಮಟ್ಟದಲ್ಲಿ ಮಾಡಬೇಕಾದದ್ದು

ಮನೆ, ಹೊಲಗಳ ಕೆಲಸಕ್ಕೆ ಒಂದು ಎಲ್ಲೆಯಿದೆ. ಕೆರೆಯ ಹೂಳು, ಹಳ್ಳದ ಒತ್ತುವರಿ, ಕಾರ್ಖಾನೆಯ ಹೊಗೆ ಒಬ್ಬರ ಕೈಗೆ ಸಿಗುವುದಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ನೇತೃತ್ವದಲ್ಲಿ ಜನರು ಸೇರಿ ಹಿರೇಹಳ್ಳವನ್ನು ಇಪ್ಪತ್ತಕ್ಕೂ ಹೆಚ್ಚು ಕಿ.ಮೀ. ಉದ್ದಕ್ಕೆ ಸ್ವಚ್ಛಗೊಳಿಸಿದ್ದು, ಕುಷ್ಟಗಿಯ ನಿಡಶೇಸಿ ಕೆರೆಯ ಹೂಳನ್ನು ಜನರೇ ಎತ್ತಿದ್ದು ಈ ಭಾಗದ್ದೇ ಉದಾಹರಣೆಗಳು. ಎಲ್ಲ ಊರಿಗೂ ಅಂಥ ನೇತೃತ್ವ ಸಿಗುವುದಿಲ್ಲ, ಆದರೆ ಗ್ರಾಮಸಭೆ ಎಲ್ಲ ಊರಿಗೂ ಇದೆ. ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆ ಸಿದ್ಧವಾಗುವ ಮೊದಲು ಕೆರೆ, ಬದು, ಕೃಷಿಹೊಂಡದ ಬೇಡಿಕೆಯನ್ನು ಸರ್ವೆ ನಂಬರಿನ ಸಮೇತ ಲಿಖಿತವಾಗಿ ಕೊಟ್ಟು ನಡಾವಳಿಯಲ್ಲಿ ಸೇರಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಕಾಮಗಾರಿ ಪಟ್ಟಿಗೆ ಬರುವುದು ಅಪರೂಪ.

ಉಕ್ಕು, ಗಣಿ, ವಿದ್ಯುತ್ ಸ್ಥಾವರಗಳಿರುವ ಈ ಜಿಲ್ಲೆಗಳಲ್ಲಿ ಸಾಮಾನ್ಯರಿಗೆ ಸಿಗುವ ಬಲವಾದ ಅವಕಾಶ ಪರಿಸರ ಸಾರ್ವಜನಿಕ ಅಹವಾಲು ಸಭೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ಅದರ ವ್ಯಾಪ್ತಿಗೆ ಬರುವ ದೊಡ್ಡ ಯೋಜನೆಗಳಿಗೆ ಅನುಮತಿ ನೀಡುವ ಮೊದಲು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಕನಿಷ್ಠ 30 ದಿನ ಮುಂಚಿತವಾಗಿ ಪತ್ರಿಕಾ ಪ್ರಕಟಣೆ ಕೊಟ್ಟು ಸಭೆ ಕರೆಯಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾ ದಂಡಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಪ್ರಕಟಣೆ ಕಂಡ ವಾರದಲ್ಲೇ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಅಥವಾ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕರಡು ವರದಿಯನ್ನೂ ಅದರ ಕನ್ನಡ ಸಾರಾಂಶವನ್ನೂ ಓದಿ. ನೀರು ಯಾವ ನದಿಯಿಂದ, ದಿನಕ್ಕೆ ಎಷ್ಟು? ಬೂದಿ ಮತ್ತು ತ್ಯಾಜ್ಯ ಎಲ್ಲಿಗೆ? ಗಾಳಿಯ ಗುಣಮಟ್ಟವನ್ನು ಅಳೆದ ತಿಂಗಳು ಮತ್ತು ಸ್ಥಳ ಯಾವುವು? ಸುತ್ತಲಿನ ಈಗಿರುವ ಕಾರ್ಖಾನೆಗಳ ಹೊರೆಯನ್ನು ಸೇರಿಸಿ ಲೆಕ್ಕ ಹಾಕಿದ್ದಾರೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಿ. ಮಳೆಗಾಲದಲ್ಲಿ ಅಳೆದ ದೂಳು ಬೇಸಿಗೆಯ ದೂಳನ್ನು ಹೇಳುವುದಿಲ್ಲ.

ಸಭೆಯಲ್ಲಿ ಮಾತನಾಡುವ ಅವಕಾಶ ಎಲ್ಲರಿಗೂ ಇದ್ದರೂ, ಗದ್ದಲದಲ್ಲಿ ಮಾತು ಕಳೆದುಹೋಗುವ ಸಾಧ್ಯತೆ ಇರುವುದರಿಂದ ಆಕ್ಷೇಪಣೆಯನ್ನು ಬರೆದು ಮೊದಲೇ ಮಂಡಳಿಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಸಭೆಯ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಅಧ್ಯಕ್ಷರು ಸಹಿ ಮಾಡಬೇಕು; ಅಲ್ಲಿಯವರೆಗೆ ಎದ್ದುಹೋಗದೆ ಕುಳಿತು, ನಿಮ್ಮ ಆಕ್ಷೇಪಣೆ ದಾಖಲಾಗಿದೆಯೇ ಎಂದು ಕೇಳಿಸಿಕೊಳ್ಳಿ. ಅನಂತರ ಆ ನಡಾವಳಿ ಪಂಚಾಯಿತಿ ಕಚೇರಿಯಲ್ಲಿ ಪ್ರಕಟವಾಗಬೇಕು. ಆಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಪ್ರತಿ ಕೋರಿ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಬರಬೇಕು, ಬಾರದಿದ್ದರೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮುಂದಿನ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.